ಕನಸು ಕೈಗೂಡದಾಗ ಪ್ರಾರ್ಥಿಸುವುದು ಹೇಗೆ?

ಸೇನೆಗೆ ಸೇರುವ ವಯಸ್ಸು ಮೀರಿಹೋಯಿತು. ಹಾಕಿ ಆಟವನ್ನೇ ಮೊಣಕಾಲಿನ ಪೆಟ್ಟು ಬಿಡಿಸಿತು. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಲಿಲ್ಲ. ಕೊಡಗಿನ ಕ್ರೈಸ್ತ ಮನೆಗಳಲ್ಲಿ ಇಂಥ ನೋವನ್ನು "ಎಲ್ಲ ದೇವರಿಚ್ಛೆ" ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಡುವುದುಂಟು. ಮಾತು ಸುಳ್ಳಲ್ಲ. ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ಮನಸ್ಸಿನಲ್ಲಿದ್ದುದು ದೇವರ ಮುಂದೆ ಬರುವುದೇ ಇಲ್ಲ. ಬೈಬಲಿನ ಭಕ್ತರು ಮೊದಲು ದೂರಿದರು, ಆಮೇಲೆ ನಂಬಿದರು. ಆ ಕ್ರಮವನ್ನೇ ಹಿಡಿಯಿರಿ.

ಮೊದಲು ಕನಸನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ನನ್ನ ಬದುಕು ಸರಿಯಾಗಲಿಲ್ಲ" ಎಂದು ಬರೆದರೆ ಪ್ರಾರ್ಥಿಸಲು ಹಿಡಿತವೇ ಸಿಗದು. "ಅಪ್ಪನ ತೋಟ ಮಾರದೆ ಉಳಿಸಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ" ಎಂದು ಬರೆಯಿರಿ. ಕೆಳಗೆ ಎರಡು ಪಟ್ಟಿ ಮಾಡಿ: ಇನ್ನು ಆಗಲಾರದ್ದು ಒಂದು ಕಡೆ, ತಡವಾಗಿದ್ದರೂ ಆಗಬಹುದಾದದ್ದು ಇನ್ನೊಂದು ಕಡೆ. ಮೊದಲನೆಯದಕ್ಕೆ ಅಳಬೇಕು, ಎರಡನೆಯದಕ್ಕೆ ಬೇಡಬೇಕು. ಇವೆರಡನ್ನು ಬೆರೆಸಿಕೊಂಡವರು ಮುಗಿದುಹೋದದ್ದನ್ನು ಬೇಡುತ್ತಲೇ ದಣಿಯುತ್ತಾರೆ, ಇಲ್ಲವೇ ಇನ್ನೂ ಸಾಧ್ಯವಿರುವುದನ್ನು ಬೇಗನೆ ಕೈಬಿಡುತ್ತಾರೆ.

ಪ್ರಾರ್ಥನೆಗೆ ಬೈಬಲಿನ 13ನೇ ಕೀರ್ತನೆಯನ್ನು ಅಚ್ಚಾಗಿ ಇಟ್ಟುಕೊಳ್ಳಿ. ಅದರಲ್ಲಿರುವುದು ಆರೇ ವಚನ. ಮೊದಲೆರಡರಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಅದು ದೂರು. ಮುಂದಿನೆರಡು ಬೇಡಿಕೆ. ಕೊನೆಯೆರಡು ಭರವಸೆ. ದಿನಕ್ಕೆ ಹದಿನೈದು ನಿಮಿಷ, ಸಾಧ್ಯವಾದರೆ ತೋಟದ ಕೆಲಸಕ್ಕೆ ಇಳಿಯುವ ಮೊದಲೇ ಕೂತು, ಮೂರೂ ಭಾಗಗಳನ್ನು ನಿಮ್ಮ ಮಾತಿನಲ್ಲಿ ಗಟ್ಟಿಯಾಗಿ ಹೇಳಿ. ದೂರಿಗೆ ಕಡಿಮೆಯೆಂದರೆ ಐದು ನಿಮಿಷ ಕೊಡಿ. ಹೆಚ್ಚಿನವರು ಎಡವುವುದು ಇಲ್ಲೇ: ದೇವರ ಮೇಲೆ ದೂರುವುದು ಪಾಪವೆಂದು ಹೆದರಿ ನೇರ ಐದನೇ ವಚನಕ್ಕೆ ಹಾರುತ್ತಾರೆ. ಆಗ ಬಾಯಿ ಸ್ತುತಿಸುತ್ತದೆ, ಒಳಗಿನ ಸಿಟ್ಟು ಹಾಗೇ ಉಳಿಯುತ್ತದೆ. ಭರವಸೆಯ ಮಾತು ಬಾಯಿಗೆ ಬಾರದ ದಿನ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪವಿತ್ರ ಗ್ರಂಥದಲ್ಲಿದೆ ಎಂಬುದು ನಮಗೆ ದೊಡ್ಡ ಸಮಾಧಾನ.

ಬೆಳೆ ಕೈಕೊಟ್ಟವರಿಗೆ ಪ್ರವಾದಿ ಹಬಕ್ಕೂಕನ ಗ್ರಂಥದ ಮೂರನೇ ಅಧ್ಯಾಯ, 17 ಮತ್ತು 18ನೇ ವಚನಗಳು. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿ, ದನ ಎಂದು ಆತ ನಷ್ಟವನ್ನು ಒಂದೊಂದಾಗಿ ಹೆಸರಿಸಿ, ಆಮೇಲೆ "ಆದರೂ" ದೇವರಲ್ಲಿ ಸಂತೋಷಿಸುತ್ತೇನೆ ಎನ್ನುತ್ತಾನೆ. ನೀವೂ ಕಾಫಿ, ಮೆಣಸು, ಗದ್ದೆ ಎಂದು ಹೆಸರಿಸಿ. ಪಟ್ಟಿಯಿಲ್ಲದ "ಆದರೂ" ಹಗುರ.

ಇನ್ನು ಕೆಲಸದ ಮಾತು. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ನೀರಿರುವ ರೋಬಸ್ಟಾ ಕಾಫಿ ಬೆಳೆಗಾರರು ಸ್ಪ್ರಿಂಕ್ಲರ್ ಹಾಕುತ್ತಾರೆ. ದೇವರ ಮೇಲೆ ನಂಬಿಕೆಯಿಲ್ಲವೆಂದು ಯಾರೂ ಅವರನ್ನು ದೂರುವುದಿಲ್ಲ. ದೇವಾಲಯ ಕಟ್ಟಬೇಕೆಂಬುದು ರಾಜ ದಾವೀದನ ಕನಸಾಗಿತ್ತು. ಪ್ರವಾದಿ ನಾತಾನನ ಮೂಲಕ ಬಂದ ಉತ್ತರ "ಬೇಡ", ಕಟ್ಟುವವನು ಮಗ. ದಾವೀದ ಮುನಿಸಿಕೊಂಡು ಕೂರಲಿಲ್ಲ: ಮೊಳೆಗೆ ಕಬ್ಬಿಣ, ತಾಮ್ರ, ದೇವದಾರು ಮರ, ಕಲ್ಲುಕುಟಿಗರು, ಎಲ್ಲವನ್ನೂ ಆ ಮಗ ಸೊಲೊಮೋನನಿಗಾಗಿ ಸಿದ್ಧಮಾಡಿದ. ಹಾಗೆ, ನಿಮ್ಮ ಎರಡನೇ ಪಟ್ಟಿಯಿಂದ ವಾರಕ್ಕೊಂದು ಸಣ್ಣ ಕೆಲಸ ಆರಿಸಿ. ಮೊದಲ ಪಟ್ಟಿಯ ಕನಸನ್ನು ಬೇರೊಬ್ಬರಿಗೆ ದಾಟಿಸಬಹುದೇ ಎಂದೂ ನೋಡಿ. ಆಡಲಾಗದವರು ಊರಿನ ಮಕ್ಕಳಿಗೆ ಹಾಕಿ ಆಟ ಕಲಿಸಬಹುದು. ಮನಸ್ಸು ಒಪ್ಪದಿದ್ದರೆ ಬಲವಂತ ಬೇಡ.

ಎರಡು ಅಡ್ಡದಾರಿಗಳಿವೆ. ಒಂದು ಚೌಕಾಸಿ: "ಇದು ಕೊಟ್ಟರೆ ಅದು ಮಾಡುತ್ತೇನೆ." ಕೈಗೂಡದಿದ್ದರೆ ತಪ್ಪು ಯಾರದೆಂದು ಹುಡುಕುವುದೇ ಗತಿ. ಇನ್ನೊಂದು, ನನ್ನ ಪಾಪಕ್ಕೇ ಹೀಗಾಯಿತು ಎಂಬ ತೀರ್ಮಾನ. ತನ್ನ ಶರೀರದ ಮುಳ್ಳನ್ನು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆಯನ್ನು, ತೆಗೆಯೆಂದು ಅಪೊಸ್ತಲ ಪೌಲ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು". ಅಲ್ಲಿ ಬೈಗುಳವಿಲ್ಲ.

ಹಬ್ಬ, ಮದುವೆ, ನಾಮಕರಣದ ದಿನಗಳಲ್ಲಿ ನೋವು ಮರುಕಳಿಸುತ್ತದೆ. ಹಿಂದಿನ ದಿನವೇ ಒಬ್ಬ ನೆಚ್ಚಿನವರಿಗೆ ತಿಳಿಸಿಡಿ, ಬೇಗ ಹೊರಡಬೇಕೆನಿಸಿದರೆ ಹೊರಟುಬಿಡಿ. ಜೊತೆಗೆ ಕೂರುವವರಿಗೂ ಒಂದು ಮಾತು: ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಕೂತಿದ್ದಾಗ ಸರಿಯಾಗಿದ್ದರು, ಕಾರಣ ವಿವರಿಸಲು ಹೊರಟ ಮೇಲೆ ತಪ್ಪಿದರು. ಅಡುಗೆ ತನ್ನಿ, ಕೇಳಿ, ಕಾರಣ ಹೇಳಬೇಡಿ.

ಎರಡು ವಾರಕ್ಕೂ ಹೆಚ್ಚು ನಿದ್ರೆ, ಊಟ, ಕೆಲಸ ಎಲ್ಲವೂ ಕೆಟ್ಟಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಬದುಕೇ ಬೇಡವೆನಿಸಿದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಮನೆಯವರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.