ಮಗಳಿಗೆ ಯಾವ ಇಂಗ್ಲಿಷ್ ಕೋರ್ಸ್?

ಹಾಸನದಲ್ಲಿ ಓದಿದ ನನಗೆ ಹೈಸ್ಕೂಲ್ ಇಂಗ್ಲಿಷ್ ಅಂದರೆ ಒಂದೇ ಪುಸ್ತಕ, ಒಂದೇ ಪರೀಕ್ಷೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಕೋರ್ಸನ್ನೇ ಆರಿಸಬೇಕು.

ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್. ಇಂಗ್ಲಿಷ್‌ನಲ್ಲಿ ಇರುವ ಎಪಿ ಲಿಟ್ (ಸಾಹಿತ್ಯ), ಎಪಿ ಲ್ಯಾಂಗ್ (ಭಾಷೆ) ಎರಡೂ ಒಂದೇ ಅಂದುಕೊಳ್ಳಬೇಡಿ. ಲಿಟ್‌ನಲ್ಲಿ ಕಥೆ, ಕವಿತೆ, ನಾಟಕ. ಲ್ಯಾಂಗ್‌ನಲ್ಲಿ ಭಾಷಣ, ಪತ್ರ, ಪ್ರಬಂಧ. ಎಂಜಿನಿಯರಿಂಗ್‌ಗೆ ಹೋಗುವವರಿಗೂ ಲ್ಯಾಂಗೇ ಜಾಸ್ತಿ ಉಪಯೋಗ ಅಂತ ನನ್ನ ಲೆಕ್ಕ. ಲ್ಯಾಂಗ್ ಪರೀಕ್ಷೆ 3 ಗಂಟೆ 15 ನಿಮಿಷ: 45 ಬಹುಆಯ್ಕೆ ಪ್ರಶ್ನೆ, 3 ಪ್ರಬಂಧ. ಸಿಂಥೆಸಿಸ್ ಪ್ರಬಂಧದಲ್ಲೇ ಮಕ್ಕಳು ಎಡವುವುದು. ಕೊಟ್ಟ 6 ಆಕರಗಳಲ್ಲಿ ಕನಿಷ್ಠ 3 ಬಳಸಿ ತಮ್ಮದೇ ವಾದ ಕಟ್ಟಬೇಕು. ನನ್ನ ಮಗಳು ಮೊದಲ ಸಲ ಆರನ್ನೂ ಸುಮ್ನೆ ಸಾರಾಂಶ ಮಾಡಿದ್ದಳು! ಪ್ರಿಂಟ್ ತೆಗೆದು, ಪ್ರತಿಯೊಂದರ ಪಕ್ಕ ಪೆನ್ಸಿಲ್‌ನಲ್ಲಿ ‘ಹೌದು’ ಅಥವಾ ‘ಆದರೆ’ ಅಂತ ಬರಿ ಅಂದೆ. ‘ಆದರೆ’ ಇದ್ದ ಕಡೆಯೇ ಅವಳ ವಾದ ಹುಟ್ಟಿತು. ವಾರಕ್ಕೊಂದು ಹೀಗೆ ಮಾಡಿಸಿ, ಸಾಕು.

ಅಂಕ 1ರಿಂದ 5. ಕೆಲವು ಕಾಲೇಜು 3ಕ್ಕೇ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಅಂಕ) ಕೊಡುತ್ತವೆ, ಕೆಲವು 4 ಅಥವಾ 5 ಕೇಳುತ್ತವೆ. ಮೊದಲೇ ನೋಡಿಕೊಳ್ಳಿ.

ಒಂದೇ ದಿನದ ಪರೀಕ್ಷೆ ಅಂದರೆ ಮಗು ಹೆದರುತ್ತದಾ? ಶಾಲೆಯ ಕೌನ್ಸೆಲರ್ ಹತ್ತಿರ ಡ್ಯುಯಲ್ ಎನ್‌ರೋಲ್‌ಮೆಂಟ್ (ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಕೋರ್ಸ್ ತೆಗೆದುಕೊಳ್ಳುವುದು) ಬಗ್ಗೆ ಕೇಳಿ. ಅಲ್ಲಿ ಕೋರ್ಸ್ ಉದ್ದಕ್ಕೂ ಬರೆದದ್ದೂ ಲೆಕ್ಕಕ್ಕೆ ಬರುತ್ತದೆ.