ಹಕ್ಕಿಗೆ ನೀರಿಡುವುದು ಸುಲಭ, ತಟ್ಟೆ ತೊಳೆಯುವುದೇ ಕೆಲಸ

ಹಕ್ಕಿಗೆ ನೀರಿಡಲು ಪಾತ್ರೆ ಕೊಳ್ಳುವಾಗ ನಾನು ನೋಡುವುದು ಒಂದನ್ನೇ. ನೀರು ತುಂಬಿದ ಮೇಲೂ ಅದನ್ನು ಎತ್ತಿ ಬಗ್ಗಿಸಲು ನನ್ನ ಕೈಲಿ ಆಗುತ್ತಾ? ಆಗಲ್ಲ ಅಂದರೆ ಎಷ್ಟೇ ಚೆಂದ ಇದ್ದರೂ ಬೇಡ. ಪುಣೆಯಿಂದ ಸೋಲಾಪುರ ರಸ್ತೆ ಹಿಡಿದು ಉರುಳಿ ಕಾಂಚನ್ ಕಡೆ ಹೋದರೆ ಸಾಲು ಸಾಲು ನರ್ಸರಿಗಳಿವೆ. ಸಿಮೆಂಟಿನ ಕಂಬದ ಮೇಲೆ ಕಮಲದ ದಳ ಕೆತ್ತಿದ ತೊಟ್ಟಿ ಅಂಥ ಕಡೆ ಸಿಗುತ್ತೆ. ಫೋಟೋಗೆ ಬಹಳ ಚೆನ್ನಾಗಿರುತ್ತೆ. ಆದರೆ ಇಬ್ಬರು ಸೇರಿದರೂ ಅಲ್ಲಾಡದ ತೊಟ್ಟಿಯನ್ನು ದಿನಾ ಬಗ್ಗಿಸಿ ತೊಳೆಯುವವರು ಯಾರು? ಅದರ ದಳಗಳ ಸಂದಿಯಲ್ಲಿ ಪಾಚಿ ಕೂತರೆ ಬ್ರಶ್ ಕೂಡ ಹೋಗಲ್ಲ.

ನಾವಿರುವುದು ಪುಣೆಯ ಕೋಥ್ರೂಡಿನಲ್ಲಿ, ಹಳೇ ಸೊಸೈಟಿಯ ನೆಲಮಹಡಿ ಮನೆ. ಹಿಂದೆ ಪುಟ್ಟ ತೋಟ. ಒಂದು ನುಗ್ಗೆ, ಒಂದು ಕರಿಬೇವು, ಪಾರಿಜಾತ, ಬೇಲಿಗೆ ದಾಸವಾಳ. ಹಕ್ಕಿಗಳಿಗೆ ನಾನು ಇಡುವುದು ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ. ಕಸಬಾ ಪೇಠದ ಕುಂಭಾರವಾಡಾದಿಂದ ತಂದದ್ದು, ಹೊಳಪು ಬಳಿಯದ ಒರಟು ಮಣ್ಣು. ಹಕ್ಕಿಯ ಕಾಲು ಜಾರಲ್ಲ. ಮಣ್ಣು ಸ್ವಲ್ಪ ಸ್ವಲ್ಪವೇ ಬೆವರುವುದರಿಂದ ನೀರೂ ತಣ್ಣಗಿರುತ್ತೆ. ಸ್ಟೀಲ್ ತಟ್ಟೆ ಏಪ್ರಿಲ್ ಬಿಸಿಲಿಗೆ ಕೈ ಮುಟ್ಟಲಾಗದಷ್ಟು ಕಾಯುತ್ತೆ. ಪ್ಲಾಸ್ಟಿಕ್ ಜಾರುತ್ತೆ.

ಆಳದ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕು. ಅಂಚಿನಲ್ಲಿ ಅರ್ಧ ಇಂಚು, ನಡುವೆ ಎರಡು ಇಂಚು, ಅದಕ್ಕಿಂತ ಬೇಡ. ನಾನು ತೋರುಬೆರಳು ಅದ್ದಿ ನೋಡುತ್ತೇನೆ. ಮೊದಲ ಗೆಣ್ಣು ಮುಳುಗಿದರೆ ಒಂದು ಇಂಚು ಅಂತ ಲೆಕ್ಕ. ನಡುವೆ ಒಂದು ಚಪ್ಪಟೆ ಕಲ್ಲು ಇಡುತ್ತೇನೆ, ಅದರ ತಲೆ ನೀರಿನಿಂದ ಮೇಲೆ ಇರಬೇಕು. ಸೂರಕ್ಕಿ, ಟುವ್ವಿಹಕ್ಕಿಯಂಥ ಚಿಕ್ಕವು ಮೊದಲು ಕಲ್ಲಿನ ಮೇಲೆ ಇಳಿದು, ಆಮೇಲೆ ಒಂದೊಂದೇ ಹೆಜ್ಜೆ ನೀರಿಗೆ ಬರುತ್ತವೆ. ಬೇಸಿಗೆಯಲ್ಲಿ ಜೇನುಹುಳುಗಳಿಗೂ ಆ ಕಲ್ಲೇ ಗತಿ. ಕಲ್ಲಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ತೋಟದಲ್ಲಿ ನೀರು ತುಂಬಿಟ್ಟ ಬಕೆಟ್, ಡ್ರಮ್ ಇದ್ದರೆ ಮುಚ್ಚಿಡಿ. ಬಾಯಾರಿದ ಹಕ್ಕಿ ಅದಕ್ಕೂ ಬಗ್ಗುತ್ತೆ, ಒಳಗೆ ಬಿದ್ದರೆ ಮೇಲೆ ಬರಲಾಗುವುದಿಲ್ಲ.

ಧಾರವಾಡದಿಂದ ಬಂದ ನಮ್ಮ ಅತ್ತೆ ಈ ತಟ್ಟೆ ನೋಡಿದ ಕೂಡಲೇ ಕೇಳಿದ್ದು: "ಏನವಾ, ಹಕ್ಕಿಗೆ ನೀರಿಟ್ಟೀಯೋ, ಸೊಳ್ಳಿ ಸಾಕೀಯೋ?" ನ್ಯಾಯವಾದ ಪ್ರಶ್ನೆ. ಡೆಂಗಿ ಹರಡುವ ಏಡಿಸ್ ಸೊಳ್ಳೆಗೆ ಚರಂಡಿ ನೀರು ಬೇಡ, ನಿಂತ ತಿಳಿನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ಆರೋಗ್ಯ ಇಲಾಖೆಯವರು "ಆಠವಡ್ಯಾತೂನ್ ಏಕ್ ಕೋರಡಾ ದಿವಸ್" ಅಂತ ಹೇಳುತ್ತಾರಲ್ಲ, ವಾರಕ್ಕೊಂದು ದಿನ ಪಾತ್ರೆಗಳನ್ನೆಲ್ಲ ಖಾಲಿ ಮಾಡಿ ಒಣಗಿಸಿ ಅಂತ, ಅದು ಈ ಲೆಕ್ಕದ ಮೇಲೆಯೇ. ಆದರೆ ಬರೀ ನೀರು ಚೆಲ್ಲಿದರೆ ಆಗಲ್ಲ. ಏಡಿಸ್ ಮೊಟ್ಟೆ ಇಡುವುದು ನೀರಿನ ಗೆರೆಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಕಂಡೂ ಕಾಣದಂಥ ಕರಿ ಚುಕ್ಕೆಗಳು. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಬಿದ್ದ ದಿನ ಒಡೆಯುತ್ತವೆ. ಹಾಗಾಗಿ ಚೆಲ್ಲುವುದಕ್ಕಿಂತ ಉಜ್ಜುವುದು ಮುಖ್ಯ. ಅದೂ ತಳವನ್ನಲ್ಲ, ಅಂಚನ್ನು.

ನನ್ನ ಹತ್ತಿರ ಎರಡು ಜೊತೆ ತಟ್ಟೆಗಳಿವೆ. ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಒಂದು ಜೊತೆ ನೀರು ತುಂಬಿಕೊಂಡು ಹಕ್ಕಿಗಳ ಸೇವೆಗೆ, ಇನ್ನೊಂದು ಜೊತೆ ತೊಳೆಸಿಕೊಂಡು ಬಿಸಿಲಲ್ಲಿ. ಬೆಳಿಗ್ಗೆ ಅದಲು ಬದಲು. ಹಳೆ ನೀರನ್ನು ಗಿಡದ ಬುಡಕ್ಕೆ ಸುರಿಯುತ್ತೇನೆ, ಮೋರಿಗೆ ಅಲ್ಲ. ಹುಳ ಏನಾದರೂ ಇದ್ದರೆ ಮಣ್ಣಿನಲ್ಲಿ ಒಣಗಿ ಸಾಯುತ್ತೆ, ಮೋರಿಯಲ್ಲಿ ನೀರು ನಿಂತಿದ್ದರೆ ಬದುಕಿಕೊಳ್ಳುತ್ತೆ. ಹಿಕ್ಕೆ ಬೆರೆತ ನೀರು ದಾಸವಾಳಕ್ಕೆ ಒಳ್ಳೆಯದೇ. ಆಮೇಲೆ ತೆಂಗಿನ ನಾರಿನಿಂದ ಉಜ್ಜುವುದು. ಮೊದಲು ಅಂಚು, ಆಮೇಲೆ ಒಳಗೆ, ಕೊನೆಗೆ ಕಲ್ಲು. ಕಲ್ಲಿನ ಅಡಿಭಾಗ ಮರೆಯಬಾರದು, ಲೋಳೆ ಮೊದಲು ಕೂರುವುದೇ ಅಲ್ಲಿ. ಬೆರಳಿನಿಂದ ಸವರಿದಾಗ ಮಣ್ಣಿನ ಒರಟು ಸಿಗಬೇಕು. ಜಾರಿದರೆ ಇನ್ನೊಂದು ಸುತ್ತು.

ಸೋಪು ಹಾಕುವುದಿಲ್ಲ. ಮಣ್ಣಿನ ತಟ್ಟೆ ಸೋಪನ್ನು ಕುಡಿದು ಆಮೇಲೆ ನಿಧಾನವಾಗಿ ನೀರಿಗೆ ಬಿಡುತ್ತೆ. ಒಣಗಿದ ಹಿಕ್ಕೆ ಇದ್ದರೆ ಕೆರೆಯುವುದೂ ಇಲ್ಲ, ಮೊದಲು ನೆನೆಸುತ್ತೇನೆ. ಆ ಪುಡಿ ಮೂಗಿಗೆ ಹೋಗಬಾರದು. ಅಡುಗೆಮನೆಯ ಸಿಂಕಿನಲ್ಲಿ ಈ ತಟ್ಟೆ ತೊಳೆಯಲೇಬಾರದು. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು, ಅದು ಮನುಷ್ಯರಿಗೂ ಬರುತ್ತೆ. ನಾರು ಬೇರೆ, ಬಕೆಟ್ ಬೇರೆ, ಜಾಗ ತೋಟದ ನಲ್ಲಿ. ಮುಗಿದ ಮೇಲೆ ಸೋಪು ನನ್ನ ಕೈಗೆ.

ವಾರಕ್ಕೊಮ್ಮೆ ಬ್ಲೀಚ್. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಹತ್ತು ನಿಮಿಷ ನೆನೆಹಾಕಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಇಡೀ ದಿನ ಬಿಸಿಲಿಗೆ. ಕೈಗವಸು ಬೇಕು. ಆ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ. ನಮ್ಮ ತೋಟದ ನಲ್ಲಿಗೆ ಬೋರ್‌ವೆಲ್ ನೀರು ಬರುವುದರಿಂದ ತಟ್ಟೆಗೆ ಬಿಳಿ ಪೊರೆ ಕಟ್ಟುತ್ತೆ. ಅದಕ್ಕೆ ವಿನೆಗರ್, ಆದರೆ ಬೇರೆ ದಿನ. ಬ್ಲೀಚ್ ಜೊತೆ ವಿನೆಗರ್ ಆಗಲಿ, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಆಗಲಿ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ, ಉಸಿರಾಟಕ್ಕೇ ಕುತ್ತು. ಮನೆಕೆಲಸಕ್ಕೆ ಬರುವ ಮಾವಶಿಗೆ ನಾನು ಮೊದಲು ಹೇಳಿದ್ದೇ ಇದನ್ನು, ಯಾಕೆಂದರೆ ಟೈಲ್ಸಿಗೆ ಆ್ಯಸಿಡ್ ಹಾಕುವುದು ಅವರಿಗೆ ರೂಢಿ.

ನೀರಿಗೆ ಏನಾದರೂ ಬೆರೆಸಿ ಅಂತ ಸಲಹೆ ಕೊಡುವವರು ಬಹಳ. ಅರಿಶಿನ, ಗ್ಲೂಕೋಸ್, ಸಕ್ಕರೆ, ಸೊಳ್ಳೆ ಬಾರದಿರಲೆಂದು ಎರಡು ಹನಿ ಎಣ್ಣೆ. ಎಣ್ಣೆಯಂತೂ ಬೇಡವೇ ಬೇಡ, ರೆಕ್ಕೆಗೆ ಹತ್ತಿದರೆ ಗರಿ ಅಂಟಿಕೊಂಡು ಹಕ್ಕಿ ಹಾರಲು ಒದ್ದಾಡುತ್ತೆ. ಸಕ್ಕರೆಗೆ ಇರುವೆ. ಹಕ್ಕಿಗೆ ಬೇಕಾದದ್ದು ಬರೀ ನೀರು.

ಇನ್ನು ಕಾಗೆ. ತೊಳೆದ ತಟ್ಟೆ ಗಂಟೆಯೊಳಗೆ ಹೊಲಸಾಗುವುದು ಬಹುಪಾಲು ಕಾಗೆಯಿಂದಲೇ. ಎಲ್ಲಿಂದಲೋ ಒಣ ಚಪಾತಿ, ಪಾವ್ ಚೂರು ತರುತ್ತೆ. ಅಂಚಿನಲ್ಲಿ ಕೂತು ನೀರಿಗೆ ಹಾಕುತ್ತೆ. ಕೊಕ್ಕಿನಿಂದ ಒಮ್ಮೆ ಒತ್ತಿ, ತಿರುಗಿಸಿ, ಇನ್ನೊಮ್ಮೆ ಒತ್ತಿ, ಮೆತ್ತಗಾಯಿತು ಅನಿಸಿದ ಮೇಲೆ ಎತ್ತಿಕೊಂಡು ಹೋಗುತ್ತೆ. ಹಿಟ್ಟಿನ ಗಂಜಿ ನಮಗೆ. ಒಮ್ಮೊಮ್ಮೆ ಇಲಿಯ ಕರುಳೂ ಬರುತ್ತೆ. ಪಿತೃಪಕ್ಷದಲ್ಲಿ ಎಲೆ ಇಟ್ಟು "ಕಾವ್ ಕಾವ್" ಎಂದು ಕರೆದರೂ ತಿರುಗಿ ನೋಡದ ಕಾಗೆಗಳು ಇವೇ. ಓಡಿಸಿ ಪ್ರಯೋಜನವಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಅವಕ್ಕೇ ಅಂತ ಒಂದು ಆಳದ ಮಣ್ಣಿನ ಬೋಗುಣಿ ಇಟ್ಟಿದ್ದೇನೆ. ಎತ್ತರ, ಬಯಲು, ನಾಲ್ಕೂ ಕಡೆ ಕಾಣುತ್ತೆ, ಕಾಗೆಗೆ ಬೇಕಾದದ್ದೇ ಅದು. ಈಗ ಅದ್ದುವ ಕೆಲಸ ಹೆಚ್ಚಿನಂಶ ಅಲ್ಲೇ ನಡೆಯುತ್ತೆ. ಬೋಗುಣಿಯನ್ನು ಮಧ್ಯಾಹ್ನ ಇನ್ನೊಂದು ಸಲ ತೊಳೆಯಬೇಕು, ಅಷ್ಟೇ.

ಪಾರಿವಾಳದ ವಿಷಯ ಅಷ್ಟು ಸಲೀಸಲ್ಲ. 2025ರಲ್ಲಿ ಮುಂಬೈಯಲ್ಲಿ ಕಬೂತರ್‌ಖಾನೆಗಳ, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಗಳ, ಗಲಾಟೆ ಆದ ಮೇಲೆ ನಮ್ಮ ಸೊಸೈಟಿ ಮೀಟಿಂಗಿನಲ್ಲೂ ಮಾತು ಬಂತು. ಮೇಲಿನ ಮನೆಯ ಕಾಕೂಗೆ ನೀರಿನ ತಟ್ಟೆ ಅಂದರೂ ಪಾರಿವಾಳ ಸಾಕಿದ ಹಾಗೆ. ಅವರ ಭಯ ಸುಳ್ಳಲ್ಲ. ಪಾರಿವಾಳದ ಒಣ ಹಿಕ್ಕೆ ಮತ್ತು ಗರಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಕೆಲವರಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರುತ್ತೆ. ಕಾಕೂಗೆ ನಾನು ಹೇಳಿದ್ದು ಇಷ್ಟೇ: ಕಾಳು ಹಾಕುವುದಿಲ್ಲ, ನೀರು ಮಾತ್ರ. ತಟ್ಟೆಗಳು ಚಿಕ್ಕವು, ಅವುಗಳಲ್ಲೊಂದು ನುಗ್ಗೆ ಕೊಂಬೆಗೆ ಹಗ್ಗದಲ್ಲಿ ತೂಗುಹಾಕಿದ್ದು. ತೂಗಾಡುವ ಅಂಚಿನ ಮೇಲೆ ಕೂರಲು ಪಾರಿವಾಳಕ್ಕೆ ಕಷ್ಟ, ಪಿಕಳಾರಕ್ಕೆ ಅದು ಲೆಕ್ಕವೇ ಅಲ್ಲ. ನಾವು ಹೇಳಿದ್ದು ಕಾಕೂ ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ. ಈಗ ಮೇಲಿಂದ ಇಣುಕಿ ತಟ್ಟೆ ತೊಳೆದಿದ್ದೀನಾ ಅಂತ ನೋಡುತ್ತಾರೆ.

ಪಾರಿವಾಳ, ಬೆಳವ ನೀರು ಕುಡಿಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಪಿಕಳಾರ, ಗುಬ್ಬಿ, ಗೊರವಂಕ ಕೊಕ್ಕಲ್ಲಿ ಒಂದು ಗುಟುಕು ತುಂಬಿಕೊಂಡು ಕತ್ತೆತ್ತಿ ನುಂಗುತ್ತವೆ. ಪಾರಿವಾಳ ಕತ್ತು ಎತ್ತುವುದೇ ಇಲ್ಲ. ಕೊಕ್ಕು ಮುಳುಗಿಸಿ ಒಂದೇ ಸಮ ಎಳೆಯುತ್ತೆ. ಪಾರಿವಾಳಗಳ ಬಾಯಿ, ಗಂಟಲಲ್ಲಿ ಟ್ರೈಕೊಮೊನಾಸ್ ಅನ್ನುವ ಸೂಕ್ಷ್ಮಜೀವಿ ಇರಬಹುದು. ಅದು ಜೊಲ್ಲಿನ ಮೂಲಕ ನೀರಿಗೆ ಬಂದು, ಅದೇ ತಟ್ಟೆಗೆ ಬಂದ ಮುಂದಿನ ಹಕ್ಕಿಗೆ ದಾಟುತ್ತೆ. ಒಣಗಿದರೆ ಅದು ಬದುಕಲ್ಲ. ಎರಡನೇ ಜೊತೆ ತಟ್ಟೆ ಬಿಸಿಲಲ್ಲಿ ಬಿದ್ದಿರುವುದು ಅದಕ್ಕೇ.

ಗರಿ ಉಬ್ಬಿಸಿಕೊಂಡು ತೂಕಡಿಸುವ, ನುಂಗಲು ಒದ್ದಾಡುವ, ಕೊಕ್ಕಿನ ಸುತ್ತ ಒದ್ದೆಯಾಗಿರುವ, ಕಣ್ಣು ಕೊಕ್ಕಿನ ಸುತ್ತ ಗಂಟೆದ್ದ ಹಕ್ಕಿ ಕಂಡರೆ ಅವತ್ತೇ ಎಲ್ಲ ತಟ್ಟೆ ತೆಗೆದುಬಿಡುತ್ತೇನೆ. ಬ್ಲೀಚ್, ಬಿಸಿಲು, ಆಮೇಲೆ ಕಮ್ಮಿ ಅಂದರೆ ಎರಡು ವಾರ ನೀರಿಲ್ಲ. ಬಿಸಿಲಲ್ಲಿ ಪಾಪ ಅನಿಸುತ್ತೆ. ಆದರೆ ಕಾಯಿಲೆಯ ಹಕ್ಕಿ ಮತ್ತು ಗಟ್ಟಿಯಾಗಿರುವ ಹಕ್ಕಿ ಒಂದೇ ತಟ್ಟೆಗೆ ಬರುವುದು ತಪ್ಪಬೇಕು.

ಜಾಗದ ಮಾತು. ಒದ್ದೆ ರೆಕ್ಕೆಯ ಹಕ್ಕಿ ಥಟ್ಟನೆ ಹಾರಲಾರದು, ಬೆಕ್ಕಿಗೆ ಇದು ಚೆನ್ನಾಗಿ ಗೊತ್ತು. ಸ್ಟ್ಯಾಂಡ್ ಮೂರು ಅಡಿ ಎತ್ತರ, ಸುತ್ತ ಆರೇಳು ಅಡಿ ಪೊದೆ ಇಲ್ಲದ ನೆಲ. ಆದರೆ ಮಿಂದು ಹಾರಿ ಕೂತು ಗರಿ ತೀಡಲು ಹತ್ತಿರದಲ್ಲೊಂದು ಕೊಂಬೆ ಬೇಕು, ತಟ್ಟೆಯ ನೆತ್ತಿಯ ಮೇಲೆ ಮಾತ್ರ ಅಲ್ಲ, ಹಿಕ್ಕೆ ಬೀಳುತ್ತೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು. ನಮ್ಮ ಹಿಂಬಾಗಿಲಿಗೆ ದೊಡ್ಡ ಗಾಜು ಇದೆ. ಗಾಜಿನಲ್ಲಿ ಪಾರಿಜಾತದ ಪ್ರತಿಬಿಂಬ ಕಂಡು ಮರವೇ ಅಂತ ನುಗ್ಗುವ ಹಕ್ಕಿ ಕತ್ತು ಮುರಿದುಕೊಳ್ಳುತ್ತೆ. ಹೊರಗಡೆಯಿಂದ ಎರಡೆರಡು ಇಂಚಿಗೆ ದಾರ ಇಳಿಬಿಟ್ಟಿದ್ದೇವೆ. ಬಂದವರು ಇದೇನು ಅಂತ ಕೇಳುತ್ತಾರೆ, ಕೇಳಲಿ ಬಿಡಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸ್ಟ್ಯಾಂಡಿನ ಮೇಲೆ ಒಂದೇ ತಟ್ಟೆ. ಆಗ ಹಕ್ಕಿಗೆ ಎಲ್ಲೆಲ್ಲೂ ನೀರು, ನಮಗೆ ಎಲ್ಲೆಲ್ಲೂ ಸೊಳ್ಳೆ. ಮಡಿವಾಳ ಹಕ್ಕಿಯ ಜೋಡಿಯೊಂದು ಮಳೆ ಬಿಟ್ಟ ಕೂಡಲೇ ಮೀಯಲು ಬರುತ್ತೆ ಅನ್ನುವ ಕಾರಣಕ್ಕೆ ಅದನ್ನಾದರೂ ಉಳಿಸಿದ್ದೇನೆ. ಬಿಸಿಲು ಸಿಗದ ದಿನಗಳಲ್ಲಿ ತೊಳೆದ ತಟ್ಟೆಯನ್ನು ಒಳಗೆ ಫ್ಯಾನಿನ ಕೆಳಗೆ ಒಣಗಿಸುತ್ತೇನೆ. ಉಳಿದ ತಟ್ಟೆಗಳನ್ನು, ಕುಂಡದ ಕೆಳಗಿನವನ್ನೂ ಸೇರಿಸಿ, ಕವುಚಿ ಇಡುತ್ತೇನೆ.

ಧಾರವಾಡಕ್ಕೆ ಹೋಗುವಾಗ ಮಾವಶಿಯನ್ನು ಕೇಳುತ್ತೇನೆ, ದಿನಾ ಬಂದು ಉಜ್ಜಿ ನೀರು ಬದಲಿಸಲು ಆಗುತ್ತಾ ಅಂತ. ಆಗುತ್ತೆ ಅಂದರೆ ಅದಕ್ಕೆ ಬೇರೆ ದುಡ್ಡು ಕೊಟ್ಟು, ನಾರು ಎಲ್ಲಿದೆ ಅಂತ ತೋರಿಸಿ ಹೋಗುತ್ತೇನೆ. ಆಗಲ್ಲ ಅಂದರೆ ಎಲ್ಲ ತಟ್ಟೆಗಳನ್ನೂ, ಕಾಗೆಯ ಬೋಗುಣಿಯನ್ನೂ, ಕವುಚಿ ಹಾಕಿ ಬಸ್ಸು ಹತ್ತುತ್ತೇನೆ. ತುಂಬಿಸಿ ಬಿಟ್ಟು ಹೋಗುವುದಿಲ್ಲ.