ಬದನೆ ಕುಡಿ ಬಾಡಿದೆಯಾ? ನೀರು ಹಾಕುವ ಮುಂಚೆ ಇದನ್ನು ನೋಡಿ

ಮೈಸೂರಿನಲ್ಲಿ ಮನೆ ಹಿಂದೆ ಈರನಗೆರೆ ಬದನೆ ಹಾಕಿರುವವರು ಸ್ವಲ್ಪ ಗಮನಿಸಿ. ಗಿಡವೆಲ್ಲ ಚೆನ್ನಾಗಿದ್ದು ತುದಿಯ ಕುಡಿ ಮಾತ್ರ ಜೋತು ಬಿದ್ದಿದ್ದರೆ ಅದು ನೀರಿನ ಕೊರತೆ ಅಲ್ಲ. ನಾನೂ ಮೊದಲ ಸಲ ಸುಮ್ನೆ ನೀರು ಸುರಿದೆ. ಕೊನೆಗೆ ಒಂದು ಕುಡಿ ಮುರಿದು ಉಗುರಿನಿಂದ ಸೀಳಿದೆ. ಒಳಗೆಲ್ಲ ಹಿಕ್ಕೆ, ಅದರ ಹಿಂದೆ ನಸುಗೆಂಪು ಹುಳು! ಕುಡಿ ಮತ್ತು ಕಾಯಿ ಕೊರೆಯುವ ಹುಳು ಇದೇ.

ಒಳಗೆ ಸೇರಿದ ಮೇಲೆ ಔಷಧಿ ಅದಕ್ಕೆ ತಾಗುವುದೇ ಕಷ್ಟ. ಕತ್ತರಿಯೇ ಮದ್ದು. ಬಾಡಿದ ಜಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ, ಸೋಪಿನ ನೀರಿನಲ್ಲಿ ಮುಳುಗಿಸಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ತೂತು ಬಿದ್ದ ಕಾಯಿಗೂ ಅಷ್ಟೇ. ವಾರಕ್ಕೆ ಎರಡು ಸಲ ನೋಡಿದರೆ ಸಾಕು. ಬುಡದ ತರಗೆಲೆ ಗುಡಿಸಿ, ಹುಳು ಗೂಡು ಕಟ್ಟುವುದು ಅಲ್ಲೇ. ಗಿಡ ಜಾಸ್ತಿ ಇದ್ದರೆ ಮೋಹಕ ಬಲೆ (ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಬಲೆ) ಹಾಕಿ, ಅದರೊಳಗೆ ಇಡುವ ವಾಸನೆಯ ಲ್ಯೂರ್ ಬದನೆ ಹುಳುವಿನದ್ದೇ ಕೇಳಿ ತನ್ನಿ.

ಗಿಡದ ರಸ ಹೀರುವ ಸಸ್ಯಹೇನಿಗೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಹೊಳೆಯುವ ಗುಲಗಂಜಿ ಹುಳವನ್ನು ಕೊಲ್ಲಬೇಡಿ, ಪಾಪ, ಅದು ಹೇನು ತಿನ್ನುತ್ತದೆ. ಅದರಂತೆಯೇ ಕಂಡರೂ ಮಂಕಾಗಿ, ಬೆನ್ನ ಮೇಲೆ 28 ಚುಕ್ಕೆ ಇರುವ ಇನ್ನೊಂದು ಹುಳು ಇದೆಯಲ್ವಾ, ಎಲೆಯನ್ನು ಜರಡಿ ಮಾಡುವ ಕಳ್ಳ ಅದು.